ಅಂಗಡಿ ಮುಚ್ಚಿತ್ತು, ಗಾರ್ಮೆಂಟ್ಸ್ ತೆರೆದಿತ್ತು: ಲೇಬಲ್ ಕಂಪನಿಯ ಹೊಣೆ ಎಲ್ಲಿಗೆ ನಿಲ್ಲುತ್ತೆ?

ಒಂದೇ ತಿಂಗಳ ಅಂತರದಲ್ಲಿ ಎರಡು ಸುದ್ದಿ ಬಂದವು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಹೊಸ ಸುರಕ್ಷತಾ ಸಂಹಿತೆ ಬಂದು ಕೂತಿತು. ಡಿಸೆಂಬರ್ 16ರಂದು ಯುರೋಪ್ ಒಕ್ಕೂಟದ ಸಂಸತ್ತು ತನ್ನದೇ ಒಂದು ಕಾನೂನನ್ನು ಸಡಿಲ ಮಾಡಲು ಒಪ್ಪಿಗೆ ಕೊಟ್ಟಿತು. ದೊಡ್ಡ ಕಂಪನಿಗಳು ತಮಗೆ ಸರಕು ಮಾಡಿಕೊಡುವ ಹೊರದೇಶದ ಕಾರ್ಖಾನೆಗಳ ಕಾರ್ಮಿಕರ ಸುರಕ್ಷತೆಗೂ ಉತ್ತರ ಹೇಳಬೇಕು ಅನ್ನೋ ಕಾನೂನು ಅದು.

ಮೊದಲನೇ ಸುದ್ದಿ ಟಿವಿಯಲ್ಲಿ ಒಂದೆರಡು ದಿನ ಓಡಿತು. ಎರಡನೆಯದು ಇಲ್ಲಿ ಹೆಚ್ಚಿನವರ ಕಿವಿಗೇ ಬೀಳಲಿಲ್ಲ. ಆದರೆ ಮದ್ದೂರು, ಶ್ರೀರಂಗಪಟ್ಟಣ, ರಾಮನಗರ, ದೊಡ್ಡಬಳ್ಳಾಪುರದ ಕಡೆ ಬೆಳಗಾಗುತ್ತಲೇ ಊಟದ ಡಬ್ಬಿ ಹಿಡ್ಕೊಂಡು ಗಾರ್ಮೆಂಟ್ಸ್ ಬಸ್ಸಿಗೆ ಕಾಯೋ ಹೆಂಗಸರಿಗೆ ಈ ಎರಡೂ ಸುದ್ದಿ ಬೇರೆ ಬೇರೆ ಅಲ್ಲ. ಅವರು ಕೂತು ಹೊಲಿಯುವ ಕಟ್ಟಡ, ಅದರ ಬಾಗಿಲು, ಅವರನ್ನು ಹೊತ್ತು ತರುವ ಬಸ್ಸು ಸರಿಯಾಗಿದೆಯಾ ಅಂತ ನೋಡಬೇಕಾದವರು ಯಾರು ಅನ್ನೋದೇ ಎರಡರ ಒಳಗಿರುವ ವಿಷಯ.

ಅಂಗಡಿಯವರಿಗೂ ಇದು ದೂರದ ಮಾತಲ್ಲ. ಗಾರ್ಮೆಂಟ್ಸ್ ಸಂಬಳ ಯಾವತ್ತು ಆಗುತ್ತೆ ಅನ್ನೋದು ದಿನಸಿ ಅಂಗಡಿಯವರಿಗೆ ಕ್ಯಾಲೆಂಡರ್ ನೋಡದೇ ಗೊತ್ತು. "ಸಂಬಳ ಆದ್ಮೇಲೆ ಕೊಡ್ತೀನಣ್ಣಾ" ಅಂತ ಬರೆಸಿದ ಬಾಕಿ, ಸಂಘದ ಕಂತು, ಚೀಟಿ ದುಡ್ಡು, ಮಕ್ಕಳ ಟ್ಯೂಷನ್ ಫೀಸು ಎಲ್ಲ ಒಂದೇ ವಾರದಲ್ಲಿ ತೀರುತ್ತೆ. ಹೊಲಿಯೋ ಕೈಗೆ ಪೆಟ್ಟಾದರೆ ಮನೆಯ ಜೊತೆಗೆ ಬೀದಿಯ ಲೆಕ್ಕವೂ ಏರುಪೇರಾಗುತ್ತೆ.

ಬಟ್ಟೆ ಮೇಲಿನ ಲೇಬಲ್ಲಿನಲ್ಲಿ ಒಂದು ಹೆಸರು, ಸಂಬಳದ ಚೀಟಿ ಮೇಲೆ ಇನ್ನೊಂದು ಹೆಸರು. ಮೊದಲನೆಯದು ಸ್ವೀಡನ್ನಿನದೋ, ಅಮೆರಿಕದ್ದೋ, ಜರ್ಮನಿಯದೋ ಕಂಪನಿ. ಅದು ಬಟ್ಟೆಯ ಮಾದರಿ ಕೊಡುತ್ತೆ, ಬೆಲೆ ಹೇಳುತ್ತೆ, ಯಾವ ತಾರೀಕಿಗೆ ಹಡಗು ಹತ್ತಬೇಕು ಅಂತ ನಿಗದಿ ಮಾಡುತ್ತೆ. ಅಪಘಾತ ಆದಾಗ ಮಾತ್ರ "ಆ ಕಾರ್ಖಾನೆ ನಮ್ಮದಲ್ಲ, ಅಲ್ಲಿರುವವರು ನಮ್ಮ ನೌಕರರಲ್ಲ" ಅನ್ನೋ ಉತ್ತರ ಬರುತ್ತೆ. ಕಾಗದದ ಮೇಲೆ ಅದು ನಿಜವೂ ಹೌದು. ಆ ಉತ್ತರ ಎಷ್ಟು ದುಬಾರಿ ಅಂತ ಜಗತ್ತು ಕಲಿತದ್ದು ಬಾಂಗ್ಲಾದೇಶದ ಸಾವರ್ ಪಟ್ಟಣದಲ್ಲಿ.

ಕೆಳಗೆ ಅಂಗಡಿ, ಮೇಲೆ ಗಾರ್ಮೆಂಟ್ಸ್

ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅಂತ ಎಂಟು ಅಂತಸ್ತಿನ ಕಟ್ಟಡ ಇತ್ತು. ಕೆಳಗಡೆ ಅಂಗಡಿಗಳು, ಒಂದು ಬ್ಯಾಂಕ್ ಶಾಖೆ. ಮೇಲೆ ಐದು ಗಾರ್ಮೆಂಟ್ಸ್. ಅಂಗಡಿ, ಕಚೇರಿಗೆಂದು ಕಟ್ಟಿದ ಕಟ್ಟಡಕ್ಕೆ ಅನುಮತಿ ಇಲ್ಲದೆ ಮೇಲೆ ಮೇಲೆ ಅಂತಸ್ತು ಏರಿಸಿದ್ದರು. ಕೆರೆ ತುಂಬಿಸಿದ ಜಾಗದಲ್ಲಿ ನಿಂತಿದ್ದ ಕಟ್ಟಡ. ಅದರ ಮೇಲೆ ಸಾವಿರಾರು ಹೊಲಿಗೆ ಯಂತ್ರ, ಜೊತೆಗೆ ದೊಡ್ಡ ಜನರೇಟರ್‌ಗಳು.

2013ರ ಏಪ್ರಿಲ್ 23ರಂದು ಕಂಬಗಳಲ್ಲಿ, ಗೋಡೆಗಳಲ್ಲಿ ಬಿರುಕು ಕಾಣಿಸಿತು. ಜನರನ್ನು ಹೊರಗೆ ಕಳಿಸಿದರು. ಮಾರನೇ ದಿನ ಬೆಳಗ್ಗೆ ಬ್ಯಾಂಕಿನವರು ಬರಲಿಲ್ಲ, ಅಂಗಡಿಯವರು ಷಟರ್ ಎತ್ತಲಿಲ್ಲ. ಗಾರ್ಮೆಂಟ್ಸ್‌ನವರನ್ನು ಮಾತ್ರ ಒಳಗೆ ಕರೆದರು. ಬರದಿದ್ದರೆ ಸಂಬಳ ಕಟ್ ಅಂತ ಹೆದರಿಸಿದ್ದನ್ನು ಬದುಕುಳಿದವರು ಆಮೇಲೆ ಹೇಳಿದರು. ಒಂಬತ್ತು ಗಂಟೆಯ ಹೊತ್ತಿಗೆ ಕರೆಂಟು ಹೋಗಿ ಜನರೇಟರ್ ಶುರುವಾಯಿತು. ಕಟ್ಟಡ ಕುಸಿಯಿತು. 1,134 ಜನ ಸತ್ತರು, ಸುಮಾರು 2,500 ಜನ ಗಾಯಗೊಂಡರು.

ಅಂಗಡಿ ಇಟ್ಟುಕೊಂಡವರು ಇದನ್ನು ಒಂದು ಗಳಿಗೆ ಯೋಚಿಸಬೇಕು. ಬಿರುಕು ಎಲ್ಲರ ಕಣ್ಣಿಗೂ ಒಂದೇ ಥರ ಕಂಡಿತ್ತು. ಕೆಳಗಿನ ಅಂಗಡಿಯವನಿಗೆ ಒಂದು ದಿನದ ವ್ಯಾಪಾರ ಬಿಡುವ ಸ್ವಾತಂತ್ರ್ಯ ಇತ್ತು. ಬ್ಯಾಂಕಿನ ಗುಮಾಸ್ತನಿಗೆ ರಜೆ ಹೇಳಲು ಮೇಲಧಿಕಾರಿ ಇದ್ದ. ಮೇಲಿನ ಟೈಲರ್ ಹುಡುಗಿಗೆ ಎರಡೂ ಇರಲಿಲ್ಲ. ಅವಳ ಮಾಲೀಕನ ತಲೆಯಲ್ಲಿ ಶಿಪ್‌ಮೆಂಟ್ ತಾರೀಕು ಇತ್ತು. ತಡವಾದರೆ ವಿಮಾನದಲ್ಲಿ ಸರಕು ಕಳಿಸುವ ಖರ್ಚು ಅವನ ಮೇಲೆ ಬೀಳುವುದು, ಇಲ್ಲವೇ ಬಿಲ್ಲಿನಲ್ಲಿ ದುಡ್ಡು ಕಡಿತ ಆಗುವುದು ಈ ವ್ಯಾಪಾರದ ರೂಢಿ. ಆ ತಾರೀಕು ಸಾವರ್‌ನಲ್ಲಿ ನಿಗದಿ ಆದದ್ದಲ್ಲ.

ಕುಸಿದ ಮೇಲೆ ಯಾರ ಬಟ್ಟೆ ಅಲ್ಲಿ ಹೊಲಿಯುತ್ತಿದ್ದರು ಅಂತ ತಿಳಿಯಲು ಕಾರ್ಮಿಕ ಸಂಘಟನೆಯವರು ಅವಶೇಷದಲ್ಲಿ ಲೇಬಲ್ ಹುಡುಕಬೇಕಾಯಿತು. ಇಟಲಿಯ ಬೆನೆಟನ್ ಮೊದಲು ತನಗೆ ಸಂಬಂಧ ಇಲ್ಲ ಅಂದಿತು. ಆಮೇಲೆ ಆರ್ಡರ್ ಹೋಗಿತ್ತು ಅಂತ ಒಪ್ಪಿಕೊಂಡಿತು. ಪರಿಹಾರಕ್ಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉಸ್ತುವಾರಿಯಲ್ಲಿ 3 ಕೋಟಿ ಡಾಲರ್ ನಿಧಿ ಇಟ್ಟರು. ಕಂಪನಿಗಳು ಸ್ವಇಚ್ಛೆಯಿಂದ ಕೊಡಬೇಕಿದ್ದ ದುಡ್ಡು ಅದು. ಪೂರ್ತಿ ಸೇರಲು 2015ರ ಜೂನ್ ಬೇಕಾಯಿತು, ಅಂದರೆ ಎರಡು ವರ್ಷದ ಮೇಲೆ.

ಆಡಿಟ್ ಪಾಸಾಗಿತ್ತು

ಲೇಬಲ್ ಕಂಪನಿಗಳು ಸುರಕ್ಷತೆ ಬಗ್ಗೆ ಏನೂ ಮಾಡುತ್ತಿರಲಿಲ್ಲ ಅನ್ನೋದು ತಪ್ಪು. ಮಾಡುತ್ತಿದ್ದವು, ಆಡಿಟ್ ಮಾಡಿಸುತ್ತಿದ್ದವು. ರಾಣಾ ಪ್ಲಾಜಾ ಒಳಗಿದ್ದ ಎರಡು ಗಾರ್ಮೆಂಟ್ಸ್‌ಗೂ ಆಡಿಟ್ ಆಗಿತ್ತು. ಕಟ್ಟಡ ಗಟ್ಟಿ ಇದೆಯಾ ಅಂತ ನೋಡುವುದು ಆ ಆಡಿಟ್‌ನ ಕೆಲಸವೇ ಆಗಿರಲಿಲ್ಲ ಅನ್ನೋದು ಆಮೇಲೆ ಬಂದ ಸಮಜಾಯಿಷಿ.

ಅದಕ್ಕಿಂತ ಏಳು ತಿಂಗಳು ಹಿಂದೆ, 2012ರ ಸೆಪ್ಟೆಂಬರ್ 11ರಂದು, ಪಾಕಿಸ್ತಾನದ ಕರಾಚಿಯಲ್ಲಿ ಅಲಿ ಎಂಟರ್‌ಪ್ರೈಸಸ್ ಅನ್ನೋ ಗಾರ್ಮೆಂಟ್ಸ್‌ಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಕಂಬಿ, ಹೊರಹೋಗುವ ಬಾಗಿಲುಗಳಿಗೆ ಬೀಗ. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಆಕಸ್ಮಿಕ ಅಲ್ಲ, ಹಫ್ತಾ ಕೊಡದ್ದಕ್ಕೆ ಹಚ್ಚಿದ್ದು ಅಂತ 2020ರಲ್ಲಿ ಪಾಕಿಸ್ತಾನದ ನ್ಯಾಯಾಲಯ ತೀರ್ಪು ಕೊಟ್ಟಿತು. ಅದನ್ನೂ ಹೇಳಬೇಕು. ಬೆಂಕಿ ಯಾರೇ ಹಚ್ಚಲಿ, ಬಾಗಿಲು ತೆರೆದಿದ್ದರೆ ಅಷ್ಟು ಹೆಣ ಬೀಳುತ್ತಿರಲಿಲ್ಲ. ಬೀಗ ಹಾಕಿದ ಬಾಗಿಲನ್ನು ನೋಡಿಯೂ ಪಾಸು ಮಾಡಿದ ಪ್ರಮಾಣಪತ್ರ ಎಂಥದು?

ಆ ಕಾರ್ಖಾನೆಯ ಮುಖ್ಯ ಗಿರಾಕಿ ಜರ್ಮನಿಯ ಕಿಕ್ ಕಂಪನಿ. ಸತ್ತವರ ಮನೆಯವರು ಜರ್ಮನಿಯ ಡಾರ್ಟ್ಮುಂಡ್ ನ್ಯಾಯಾಲಯಕ್ಕೆ ಹೋದರು. 2019ರ ಜನವರಿಯಲ್ಲಿ ಕೇಸು ವಜಾ ಆಯಿತು. ಕಾರಣ, ಪಾಕಿಸ್ತಾನದ ಕಾನೂನಿನ ಪ್ರಕಾರ ಕಾಲಮಿತಿ ಮುಗಿದಿತ್ತು. ಹೊಣೆ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಯ ಹತ್ತಿರಕ್ಕೂ ವಿಚಾರಣೆ ಹೋಗಲಿಲ್ಲ. ಅದಕ್ಕೂ ಮೊದಲೇ, 2016ರಲ್ಲಿ, ಹೊರಗಿನ ಒತ್ತಡಕ್ಕೆ ಮಣಿದು ಕಂಪನಿ 51.5 ಲಕ್ಷ ಡಾಲರ್ ಕೊಡಲು ಒಪ್ಪಿತ್ತು.

ಆಡಿಟ್ ಅಂದರೇನು ಅನ್ನೋದು ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ವಿವರಿಸಬೇಕಿಲ್ಲ. "ನಾಳೆ ಬಯರ್ ಬರ್ತಾರೆ" ಅಂದ ಕೂಡಲೇ ದಾರಿಗೆ ಅಡ್ಡ ಇಟ್ಟ ಬಟ್ಟೆ ಬಂಡಲ್ಲುಗಳು ಸರಿಯುತ್ತವೆ, ಮಾಸ್ಕ್ ಹಂಚಿಕೆ ಆಗುತ್ತೆ, ನೀರಿನ ಕ್ಯಾನ್ ತುಂಬುತ್ತೆ. ಕೇಳಿದರೆ ಏನು ಹೇಳಬೇಕು ಅಂತ ಸೂಪರ್‌ವೈಸರ್ ಮೊದಲೇ ಹೇಳಿಕೊಟ್ಟಿರುತ್ತಾರೆ. ಎಲ್ಲ ಕಡೆ ಹೀಗೇ ಅಂತಲ್ಲ. ಒಳ್ಳೆ ಕಾರ್ಖಾನೆಗಳೂ ಇವೆ. ಆದರೆ ಆಡಿಟ್‌ನ ದುಡ್ಡು ಬಹುಪಾಲು ಕಾರ್ಖಾನೆಯಿಂದಲೋ ಬಯರ್‌ನಿಂದಲೋ ಹೋಗುತ್ತೆ, ವರದಿ ಅವರ ಕೈಗೇ ಹೋಗುತ್ತೆ. ಯಂತ್ರದ ಮುಂದೆ ಕೂತವಳಿಗೆ ಅದರಲ್ಲಿ ಏನು ಬರೆದಿದೆ ಅಂತ ತಿಳಿಯುವ ದಾರಿ ಇಲ್ಲ. ತೂಕದ ಕಲ್ಲನ್ನು ಅಂಗಡಿಯವನೇ ಪರೀಕ್ಷೆ ಮಾಡಿ ಅವನೇ ಮುದ್ರೆ ಒತ್ತಿಕೊಂಡರೆ ಗಿರಾಕಿ ಒಪ್ಪುತ್ತಾನಾ?

ಮಾತು ಕರಾರಾದಾಗ ಆದದ್ದು

2013ರ ಮೇ ತಿಂಗಳಲ್ಲಿ ಒಂದು ಹೊಸ ಕೆಲಸ ಆಯಿತು. ಬಾಂಗ್ಲಾದೇಶದಲ್ಲಿ ಬಟ್ಟೆ ಹೊಲಿಸುವ ಕಂಪನಿಗಳು ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟಗಳ ಜೊತೆ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದವು. ಅಕಾರ್ಡ್ ಅಂತಲೇ ಅದರ ಹೆಸರು ನಿಂತಿತು. ಎಚ್ ಅಂಡ್ ಎಂ, ಇಂಡಿಟೆಕ್ಸ್, ಪ್ರೈಮಾರ್ಕ್ ಸೇರಿ 200ಕ್ಕೂ ಹೆಚ್ಚು ಕಂಪನಿಗಳು ಬಂದವು. 1,600ಕ್ಕೂ ಹೆಚ್ಚು ಕಾರ್ಖಾನೆ, ಸುಮಾರು 20 ಲಕ್ಷ ಕಾರ್ಮಿಕರು ಅದರೊಳಗೆ ಬಂದರು.

ಒಳ್ಳೆ ಮಾತುಗಳನ್ನು ಬರೆದ ಕಾಗದ ಮೊದಲೂ ಬೇಕಾದಷ್ಟಿತ್ತು. ಇದರಲ್ಲಿ ಬೇರೆ ಇದ್ದದ್ದು ಕರಾರಿನ ಷರತ್ತು. ಇಂಜಿನಿಯರುಗಳ ತಪಾಸಣೆ ಲೇಬಲ್ ಕಂಪನಿಯ ಕೈಯಲ್ಲೂ ಇಲ್ಲ, ಮಾಲೀಕನ ಕೈಯಲ್ಲೂ ಇಲ್ಲ. ಪ್ರತಿ ಕಾರ್ಖಾನೆಯ ವರದಿ ಎಲ್ಲರೂ ನೋಡುವಂತೆ ಪ್ರಕಟ ಆಗಬೇಕು. ರಿಪೇರಿಗೆ ಮಾಲೀಕನಿಗೆ ದುಡ್ಡು ಸಾಲದಿದ್ದರೆ ಬೆಲೆಯಲ್ಲೋ, ಸಾಲವಾಗಿಯೋ ಬಯರ್ ದಾರಿ ಮಾಡಿಕೊಡಬೇಕು. ಮಾಲೀಕ ರಿಪೇರಿಯನ್ನೇ ಒಲ್ಲೆ ಅಂದರೆ ಸಹಿ ಹಾಕಿದ ಎಲ್ಲ ಕಂಪನಿಗಳೂ ಒಟ್ಟಿಗೆ ಅವನ ಆರ್ಡರ್ ನಿಲ್ಲಿಸಬೇಕು. ಅಪಾಯ ಕಂಡಾಗ ಕಾರ್ಮಿಕ ಸಂಬಳ ಕಳೆದುಕೊಳ್ಳದೆ ಹೊರಗೆ ನಿಲ್ಲಬಹುದು. ರಾಣಾ ಪ್ಲಾಜಾದ ಬೆಳಗ್ಗೆ ಇಲ್ಲದೇ ಹೋದದ್ದು ಇದೇ ಕೊನೆಯದು.

ಕಂಪನಿ ಮಾತು ತಪ್ಪಿದರೆ? ಕಾರ್ಮಿಕ ಒಕ್ಕೂಟಗಳು ಅದನ್ನು ಮಧ್ಯಸ್ಥಿಕೆ ನ್ಯಾಯಪೀಠಕ್ಕೆ ಎಳೆಯಬಹುದು. ಎಳೆದರು ಕೂಡ. 2016ರಲ್ಲಿ ಎರಡು ಲೇಬಲ್ ಕಂಪನಿಗಳ ಮೇಲೆ ಹೇಗ್‌ನಲ್ಲಿ ದಾವೆ ಹೂಡಿದರು. ಅದರಲ್ಲಿ ಒಂದು ಕಂಪನಿ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ದುಡ್ಡಿನ ಬಹುಪಾಲು 150ಕ್ಕೂ ಹೆಚ್ಚು ಕಾರ್ಖಾನೆಗಳ ದುರಸ್ತಿಗೆ ಹೋಯಿತು. ಮೊದಲ ತಪಾಸಣೆಯಲ್ಲಿ ಸಿಕ್ಕ ಕೊರತೆಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ಕೆಲವು ವರ್ಷಗಳಲ್ಲಿ ಸರಿಪಡಿಸಿದರು. ಬೀಗ ಹಾಕಬಹುದಾದ ಗೇಟು ಕಿತ್ತರು, ಅಗ್ನಿ ತಡೆಯುವ ಬಾಗಿಲು ಇಟ್ಟರು, ವೈರಿಂಗ್ ಬದಲಿಸಿದರು, ಕಂಬಗಳನ್ನು ಬಲಪಡಿಸಿದರು.

ವಾಲ್‌ಮಾರ್ಟ್, ಗ್ಯಾಪ್ ಮುಂತಾದ ಅಮೆರಿಕದ ಕಂಪನಿಗಳು ಮಾತ್ರ ಇದಕ್ಕೆ ಬರಲಿಲ್ಲ. ನ್ಯಾಯಾಲಯದ ತನಕ ಹೋಗಬಹುದಾದ ಹೊಣೆ ಬೇಡ ಅಂತ ತಮ್ಮದೇ ಬೇರೆ ಕೂಟ ಮಾಡಿಕೊಂಡವು. ಅದು 2018ಕ್ಕೆ ಮುಗಿಯಿತು. ಅಕಾರ್ಡ್ 2021ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ ನವೀಕರಣಗೊಂಡು 2023ರಿಂದ ಪಾಕಿಸ್ತಾನಕ್ಕೂ ಹಬ್ಬಿತು.

ಭಾರತ ಅದರಲ್ಲಿಲ್ಲ.

ಇಲ್ಲಿ ಕೈ ಹಾಕಿದಾಗ

ಭಾರತದಲ್ಲಿ ಇಂಥದ್ದು ನಡೆಯಲ್ಲ ಅನ್ನೋರಿಗೆ ಪಕ್ಕದ ತಮಿಳುನಾಡಿನ ದಿಂಡಿಗಲ್ ಉತ್ತರ ಇದೆ. ಅಲ್ಲಿ 2021ರ ಜನವರಿಯಲ್ಲಿ ಗಾರ್ಮೆಂಟ್ಸ್‌ನ ಒಬ್ಬ ಯುವತಿಯನ್ನು ಸೂಪರ್‌ವೈಸರ್ ಕೊಂದ. ಆ ಮೇಲೆ ತಮಿಳುನಾಡಿನ ಹೆಣ್ಣುಮಕ್ಕಳ ಕಾರ್ಮಿಕ ಸಂಘ ಹಿಡಿದ ಪಟ್ಟಿನಿಂದ 2022ರಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಗುಂಪು, ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳು ಕರಾರಿಗೆ ಸಹಿ ಹಾಕಿದವು. ಕಿರುಕುಳದ ದೂರು ಮುಚ್ಚಿಟ್ಟರೆ ಆರ್ಡರ್ ಮೇಲೇ ಪೆಟ್ಟು ಬೀಳುತ್ತೆ. ಲೈನಿನಲ್ಲಿ ಕೂತು ಹೊಲಿಯುವ ಹೆಂಗಸರೇ ತರಬೇತಿ ಪಡೆದು ನಿಗಾ ಇಡುತ್ತಾರೆ. ಆದರೆ ಅದು ಆ ಗುಂಪಿನ ಘಟಕಗಳಿಗೆ ಮಾತ್ರ.

ಕರ್ನಾಟಕದಲ್ಲಿ ಲೇಬಲ್ ಕಂಪನಿಗಳ ಕೈ ಎಷ್ಟು ಉದ್ದ ಅನ್ನೋದು ಸಂಬಳ, ಕೆಲಸದ ವಿಷಯದಲ್ಲಿ ಕಂಡಿದೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿಯ ಘಟಕದಲ್ಲಿ 1,200ಕ್ಕೂ ಹೆಚ್ಚು ಜನರನ್ನು ಲೇಆಫ್ ಮಾಡಿದರು. ಕೊರೊನಾದಿಂದ ಆರ್ಡರ್ ಇಲ್ಲ ಅಂದಿತು ಆಡಳಿತ. ಸಂಘ ಕಟ್ಟಿದ್ದಕ್ಕೇ ಈ ಶಿಕ್ಷೆ ಅಂದರು ಕಾರ್ಮಿಕರು. ವಾರಗಟ್ಟಲೆ ಕಾರ್ಖಾನೆಯಲ್ಲೇ ಧರಣಿ ಕೂತರು. ಅಲ್ಲಿಯ ಬಟ್ಟೆ ಹೋಗುತ್ತಿದ್ದದ್ದು ಎಚ್ ಅಂಡ್ ಎಂಗೆ. ಆ ಕಂಪನಿಗೂ ಇಂಡಸ್ಟ್ರಿಆಲ್ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟಕ್ಕೂ 2015ರಿಂದ ಒಂದು ಒಪ್ಪಂದ ಇತ್ತು. ಆ ದಾರಿಯಲ್ಲಿ ಒತ್ತಡ ಹೋಗಿ 2021ರ ಫೆಬ್ರವರಿಯಲ್ಲಿ, ಕೆಲಸ ಕಳಕೊಂಡವರಿಗೆ ಮತ್ತೆ ಕೆಲಸ ಕೊಡುವ ಒಪ್ಪಂದ ಆಯಿತು. ಅಷ್ಟರಲ್ಲಿ ಎಷ್ಟೋ ಜನ ಸೆಟಲ್‌ಮೆಂಟ್ ತಗೊಂಡು ಹೋಗಿಯಾಗಿತ್ತು ಅನ್ನೋದೂ ನಿಜ.

ಇನ್ನೊಂದು, ತುಟ್ಟಿಭತ್ಯೆ. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತಿಂಗಳಿಗೆ ಸುಮಾರು 417 ರೂಪಾಯಿ ಏರಿಕೆಯನ್ನು ರಾಜ್ಯದ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ಕೊಡಬೇಕು ಅಂತ ಹೈಕೋರ್ಟ್ ಹೇಳಿದ ಮೇಲೂ ಕೊಡಲಿಲ್ಲ. ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಸಂಸ್ಥೆ ಹಾಕಿದ ಲೆಕ್ಕದಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರ ದುಡ್ಡು ಹೀಗೆ ನಿಂತಿತ್ತು. ಸುದ್ದಿ ವಿದೇಶಿ ಪತ್ರಿಕೆಗಳಲ್ಲಿ ಬಂದು ಲೇಬಲ್ ಕಂಪನಿಗಳಿಗೆ ಮುಜುಗರ ಆದ ಮೇಲೆ ದೊಡ್ಡ ರಫ್ತುದಾರರು ಬಾಕಿ ಕೊಡಲು ಒಪ್ಪಿದರು. ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆ ಆದಾಗ ಆಪಲ್ ಒಂದೇ ವಾರದಲ್ಲಿ ಆ ಕಂಪನಿಯನ್ನು ಪರೀಕ್ಷಾರ್ಥ ಸ್ಥಿತಿಯಲ್ಲಿಟ್ಟು ಹೊಸ ಆರ್ಡರ್ ಇಲ್ಲ ಅಂದಿತು.

ಹೈಕೋರ್ಟಿನ ಮಾತಿಗೆ ಬಗ್ಗದ್ದು ಬಯರ್‌ನ ಮಾತಿಗೆ ಬಗ್ಗಿತು. ಸರ್ಕಾರ ನಾಚಿಕೊಳ್ಳಬೇಕಾದ ವಿಷಯ ಇದು. ಲೇಬಲ್ ಕಂಪನಿಗೂ ಇದರಿಂದ ಒಂದು ನೆಪ ತಪ್ಪಿತು: ನಮ್ಮ ಕೈಯಲ್ಲೇನೂ ಇಲ್ಲ ಅಂತ ಇನ್ನು ಹೇಳುವ ಹಾಗಿಲ್ಲ.

ಬೆಲೆಯ ಮಾತು

ಮಾಲೀಕರದ್ದೂ ಒಂದು ದೂರು ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಯರ್ ಒಂದು ಕೈಯಲ್ಲಿ ಸುರಕ್ಷತೆಯ ಪಟ್ಟಿ ಕೊಡುತ್ತಾನೆ, ಇನ್ನೊಂದು ಕೈಯಲ್ಲಿ ಪೀಸಿಗೆ ಇನ್ನಷ್ಟು ಇಳಿಸು ಅಂತಾನೆ. 2020ರಲ್ಲಿ ಕೊರೊನಾ ಬಂದಾಗ ಹೊಲಿದು ಮುಗಿದ ಬಟ್ಟೆಯ ಆರ್ಡರನ್ನೂ ಹಲವು ಕಂಪನಿಗಳು ರದ್ದು ಮಾಡಿದವು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಭಾರ ಹಂಚಿಕೊಳ್ಳಿ ಅನ್ನೋ ಮಾತು ಮತ್ತೆ ಕಾರ್ಖಾನೆಗಳ ಕಡೆಗೇ ಬಂತು. ಕಾರ್ಖಾನೆಯವರು ಉಳಿಸಬೇಕು ಅಂದರೆ ಎಲ್ಲಿ ಉಳಿಸುತ್ತಾರೆ? ನೂಲು, ಕರೆಂಟು ಕಡಿಮೆ ಬೆಲೆಗೆ ಸಿಗಲ್ಲ. ಉಳಿಯೋದು ಟಾರ್ಗೆಟ್ ಏರಿಸುವುದು, ಹೆಲ್ಪರ್‌ಗಳನ್ನು ಕಡಿಮೆ ಮಾಡುವುದು, ಫ್ಯಾನು ರಿಪೇರಿ ಮುಂದೂಡುವುದು, ಕೆಲಸವನ್ನು ಸಣ್ಣ ಶೆಡ್ಡುಗಳಿಗೆ ಜಾಬ್ ವರ್ಕ್ ಕೊಡುವುದು.

ಆ ಕೊನೆಯದರಲ್ಲೇ ಹೆಚ್ಚು ಅಪಾಯ. 2012ರ ನವೆಂಬರ್ 24ರಂದು ಢಾಕಾ ಹತ್ತಿರದ ತಾಜ್ರೀನ್ ಫ್ಯಾಷನ್ಸ್‌ಗೆ ಬೆಂಕಿ ಬಿದ್ದು ಕಡಿಮೆ ಅಂದರೂ 112 ಜನ ಸತ್ತಾಗ ಅಲ್ಲಿ ವಾಲ್‌ಮಾರ್ಟ್‌ನ ಬಟ್ಟೆ ಸಿಕ್ಕಿತು. ನಮ್ಮ ಸರಬರಾಜುದಾರ ನಮ್ಮನ್ನು ಕೇಳದೆ ಅಲ್ಲಿಗೆ ಕೊಟ್ಟಿದ್ದ ಅಂದಿತು ಕಂಪನಿ. ಕೊಟ್ಟ ಬೆಲೆಗೆ, ಕೊಟ್ಟ ದಿನಕ್ಕೆ ಅಷ್ಟು ಪೀಸು ಒಂದೇ ಕಾರ್ಖಾನೆಯಲ್ಲಿ ಆಗುತ್ತಾ ಅನ್ನೋ ಲೆಕ್ಕ ಆರ್ಡರ್ ಕೊಡುವವನಿಗೆ ಗೊತ್ತಿರಲ್ವಾ?

ಬಿಗಿ ಮಾಡಿದರೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತೆ, ಇರೋ ಕೆಲಸವೂ ಹೋಗುತ್ತೆ ಅನ್ನೋ ಭಯ ತಾಲ್ಲೂಕಿನಲ್ಲಿ ನಿಜವಾದ ಭಯ. ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಬಾಂಗ್ಲಾದೇಶದ ಅಂಕಿ ಬೇರೆ ಹೇಳುತ್ತೆ. 2012-13ರಲ್ಲಿ ಆ ದೇಶದ ಸಿದ್ಧ ಉಡುಪು ರಫ್ತು ಸುಮಾರು 2,150 ಕೋಟಿ ಡಾಲರ್. ಅಕಾರ್ಡ್ ಬಂದು ಆರು ವರ್ಷದ ಮೇಲೆ, 2018-19ರಲ್ಲಿ, ಸುಮಾರು 3,400 ಕೋಟಿ ಡಾಲರ್. ಅಕಾರ್ಡ್‌ನಿಂದಲೇ ಏರಿತು ಅಂತಲ್ಲ. ಬಾಗಿಲಿನ ಬೀಗ ತೆಗೆದ ಕಾರಣಕ್ಕೆ ವ್ಯಾಪಾರ ಓಡಿಹೋಗಲಿಲ್ಲ ಅನ್ನೋದಷ್ಟೇ ಇದರಿಂದ ಸಾಬೀತು.

ಎರಡೂ ಕಡೆ ಸಡಿಲ

ಮತ್ತೆ ಮೊದಲಿನ ಎರಡು ಸುದ್ದಿಗೆ ಬಂದರೆ: ಯುರೋಪಿನ ಕಾನೂನು 2024ರಲ್ಲಿ ಪಾಸಾದಾಗ 1,000ಕ್ಕಿಂತ ಹೆಚ್ಚು ನೌಕರರು, 45 ಕೋಟಿ ಯೂರೋಗಿಂತ ಹೆಚ್ಚು ವಹಿವಾಟು ಇರುವ ಅಲ್ಲಿನ ಕಂಪನಿಗಳಿಗೆ ಅನ್ವಯ ಆಗಬೇಕಿತ್ತು. ಈಗ ಆ ಗೆರೆಯನ್ನು 5,000 ನೌಕರರು, 150 ಕೋಟಿ ಯೂರೋಗೆ ಏರಿಸಿದ್ದಾರೆ. ನೊಂದವರು ಯುರೋಪಿನಲ್ಲಿ ಎಲ್ಲಾದರೂ ಒಂದೇ ನಿಯಮದಡಿ ಪರಿಹಾರದ ದಾವೆ ಹಾಕಬಹುದು ಅಂತ ಇದ್ದದ್ದನ್ನು ತೆಗೆದಿದ್ದಾರೆ. ಆಯಾ ದೇಶದ ಕಾನೂನು ಏನಿದೆಯೋ ಅದೇ ಗತಿ. ಜಾರಿ 2029ರ ಜುಲೈಗೆ ಹೋಗಿದೆ. ಬಹಳ ದೊಡ್ಡ ಬಟ್ಟೆ ಕಂಪನಿಗಳು ಇನ್ನೂ ಇದರೊಳಗೆ ಇರುತ್ತವೆ; ಮಧ್ಯಮ ಗಾತ್ರದವು ಹೊರಗುಳಿದವು. ಡಾರ್ಟ್ಮುಂಡ್‌ನಲ್ಲಿ ಕಾಲಮಿತಿಯ ಗೋಡೆಗೆ ಹಣೆ ಚಚ್ಚಿಕೊಂಡ ಕರಾಚಿಯ ಮನೆಯವರ ಥರದವರಿಗೆ ಹೊಸ ಬಾಗಿಲು ತೆರೆಯಬಹುದು ಅನ್ನೋ ಆಸೆ ಇತ್ತು. ಅದು ಮುಕ್ಕಾಲು ಪಾಲು ಮುಚ್ಚಿತು.

ಇಲ್ಲಿ? ಹೊಸ ಸುರಕ್ಷತಾ ಸಂಹಿತೆಯಲ್ಲಿ ಒಳ್ಳೆಯದೂ ಇದೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. 500 ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಬೇಕು. ಹಳೆ ಕಾಯ್ದೆಯಲ್ಲಿ ಇದು 1,000 ಇತ್ತು. ಆದರೆ ಕರೆಂಟ್ ಬಳಸುವ ಘಟಕ 'ಕಾರ್ಖಾನೆ' ಅನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದ್ದಾರೆ. ಜಾಬ್ ವರ್ಕ್ ಹೋಗುವ ಸಣ್ಣ ಶೆಡ್ಡುಗಳು ಎಷ್ಟೋ ಈ ಗೆರೆಯ ಕೆಳಗೆ ಬೀಳುತ್ತವೆ. ಇನ್‌ಸ್ಪೆಕ್ಟರ್ ಹುದ್ದೆಯ ಹೆಸರಿಗೆ 'ಸುಗಮಕಾರ' ಅಂತಲೂ ಸೇರಿದೆ. ಯಾವ ಕಾರ್ಖಾನೆಗೆ ಯಾವಾಗ ಹೋಗಬೇಕು ಅಂತ ಕಂಪ್ಯೂಟರ್ ಆರಿಸುವ ಪದ್ಧತಿ ಬರುತ್ತೆ. ಲಂಚಕ್ಕೆ ಇದು ಕಡಿವಾಣ ಅನ್ನೋದು ಸರ್ಕಾರದ ವಾದ, ಅದರಲ್ಲಿ ಹುರುಳಿಲ್ಲ ಅಂತ ಹೇಳಲಾಗದು. ಬಿರುಕು ಕಂಡ ದಿನವೇ ಕರೆದರೆ ಬರುವ ಅಧಿಕಾರಿ ಬೇಕು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಇದರ ಜೊತೆ ಕರ್ನಾಟಕ 2023ರಲ್ಲೇ ದಿನಕ್ಕೆ 12 ಗಂಟೆ ಕೆಲಸಕ್ಕೆ ದಾರಿ ಮಾಡಿಕೊಟ್ಟು, ಮೂರು ತಿಂಗಳ ಓಟಿ ಮಿತಿಯನ್ನು 144 ಗಂಟೆಗೆ ಏರಿಸಿಕೊಂಡಿತ್ತು.

ಅಂದರೆ ಲೇಬಲ್ ಇರುವ ಊರಲ್ಲೂ ಸಡಿಲ, ಯಂತ್ರ ಇರುವ ಊರಲ್ಲೂ ಸಡಿಲ. ನಡುವೆ ಉಳಿದದ್ದು ಆಡಿಟ್ ಕಾಗದ.

ಬಸ್ಸಿನ ಹೊಣೆ ಯಾರದು

ಇಲ್ಲಿಯ ಗಾರ್ಮೆಂಟ್ಸ್‌ಗಳಲ್ಲಿ ಅಪಾಯ ಅಂದರೆ ಕಟ್ಟಡ ಬೀಳೋದು ಒಂದೇ ಅಲ್ಲ. ಬೆರಳಿಗೆ ಸೂಜಿ ಹೊಕ್ಕುವುದು, ಎದೆಗೆ ಹತ್ತಿ ಧೂಳು, ಬೇಸಿಗೆಯಲ್ಲಿ ಐರನ್ ಸೆಕ್ಷನ್ನಿನ ಬಿಸಿ, ಟಾರ್ಗೆಟ್ ತಪ್ಪುತ್ತೆ ಅಂತ ನೀರು ಕುಡಿಯದೆ, ಟಾಯ್ಲೆಟ್‌ಗೆ ಹೋಗದೆ ಕೂರುವುದು. ಅದಕ್ಕೂ ಮೊದಲು, ಮನೆಯಿಂದ ಗೇಟಿನ ತನಕದ ರಸ್ತೆ. ಸೀಟಿಗಿಂತ ಎರಡು ಪಟ್ಟು ಜನ ತುಂಬಿದ ಟೆಂಪೊ, ಮಂಜು ಕವಿದ ಬೆಳಗ್ಗೆ ಹೆದ್ದಾರಿ ದಾಟುವುದು ತಾಲ್ಲೂಕಿನ ಜನ ದಿನಾ ನೋಡುವ ನೋಟ.

ಇಲ್ಲೂ ಅದೇ ಸರಪಳಿ. ಲೇಬಲ್ ಕಂಪನಿ ಕಾರ್ಖಾನೆಯನ್ನು ತೋರಿಸುತ್ತೆ, ಕಾರ್ಖಾನೆ ಸಾರಿಗೆ ಗುತ್ತಿಗೆದಾರನನ್ನು ತೋರಿಸುತ್ತೆ, ಗುತ್ತಿಗೆದಾರ ಡ್ರೈವರನ್ನು ತೋರಿಸುತ್ತಾನೆ. ಆಡಿಟ್ ಬಹುತೇಕ ಗೇಟಿನೊಳಗೆ ಶುರುವಾಗಿ ಗೇಟಿನೊಳಗೆ ಮುಗಿಯುತ್ತೆ. ಬಯರ್ ಕೇಳುವ ಪ್ರಶ್ನೆಗಳಲ್ಲಿ ಬಸ್ಸಿನ ಎಫ್‌ಸಿ, ಇನ್ಶೂರೆನ್ಸ್, ಎಷ್ಟು ಜನ ಕೂತಿದ್ದಾರೆ ಅನ್ನೋದೂ ಸೇರಬೇಕು ಅಂತ ಕೇಳುವುದು ಅತಿಯಾಸೆ ಅಲ್ಲ. ಏಳು ಗಂಟೆಯ ಟೆಂಪೊ ತಪ್ಪಿದರೆ ಎಂಟೂವರೆಯ ಲೈನು ಖಾಲಿ ಅಂತ ಬಯರ್‌ಗೆ ಗೊತ್ತಿದೆ.

ಗೊತ್ತಿರಬೇಕಾದ ಒಂದೆರಡು ಸಂಗತಿ. ಎಚ್ ಅಂಡ್ ಎಂ ಥರದ ಹಲವು ಲೇಬಲ್ ಕಂಪನಿಗಳು ತಮಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳ ಹೆಸರು, ವಿಳಾಸವನ್ನು ಈಗ ವೆಬ್‌ಸೈಟಿನಲ್ಲಿ ಹಾಕುತ್ತವೆ. ಹೊಲಿಯುವ ಬಟ್ಟೆಯ ಲೇಬಲ್ ಹೆಸರು ಬರೆದಿಟ್ಟುಕೊಂಡರೆ ಯಾರಿಗೆ ದೂರು ಕೊಡಬೇಕು ಅಂತ ಅವಶೇಷದಲ್ಲಿ ಹುಡುಕುವ ಪಾಡು ಬರಲ್ಲ. ಮಗಳ ಮೊಬೈಲಿನಲ್ಲಿ ಐದು ನಿಮಿಷದ ಕೆಲಸ.

ಎರಡನೆಯದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇದು ಅನ್ವಯ. ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25 ಕಟ್ಟಬೇಕು. ಕೆಲಸದಲ್ಲಿ ಪೆಟ್ಟಾದರೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಇಷ್ಟು ತಿಂಗಳು ಕಟ್ಟಿರಬೇಕು ಅನ್ನೋ ಷರತ್ತು ಇಲ್ಲ. ಸಾವಾದರೆ ಅವಲಂಬಿತರಿಗೆ ಸಂಬಳದ ಶೇ 90ರಷ್ಟು ಲೆಕ್ಕದಲ್ಲಿ ಪ್ರತಿ ತಿಂಗಳು ಹಂಚಿಕೆ ಆಗುತ್ತೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆಗುವ ಅಪಘಾತವನ್ನೂ ಕೆಲಸದ ವೇಳೆಯ ಅಪಘಾತ ಅಂತಲೇ ಪರಿಗಣಿಸುವ ನಿಯಮ 2010ರಿಂದ ಇದೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಅಪಘಾತದ ಸಮಯ, ಜಾಗ ಕೆಲಸದ ಪ್ರಯಾಣಕ್ಕೆ ಹೊಂದಬೇಕು ಅಷ್ಟೇ. ಎಷ್ಟೋ ಮನೆಗಳಲ್ಲಿ ಇದನ್ನು ಬರೀ ರಸ್ತೆ ಅಪಘಾತ ಅಂತ ತಿಳಿದು ವಾಹನ ವಿಮೆಯ ಕೇಸಿನ ಹಿಂದೆ ಮಾತ್ರ ಓಡಾಡುತ್ತಾರೆ. ಹೊಸದಾಗಿ ಸೇರಿದವರ ಸಂಬಳದ ಚೀಟಿಯಲ್ಲಿ ಇಎಸ್‌ಐ ನಂಬರು ಬಂದಿದೆಯಾ ಅಂತ ಮೊದಲ ತಿಂಗಳೇ ನೋಡಿಕೊಳ್ಳಬೇಕು. ಆ ಜಾಗ ಖಾಲಿ ಇದ್ದರೆ ಎಚ್‌ಆರ್ ಹತ್ತಿರ ಅವತ್ತೇ ಕೇಳಬೇಕು.